ಕಲಿಕೆ ಮುಂದೆ ಸಾಗುತ್ತಿದೆಯಾ ಇಲ್ಲವಾ ಅಂತ ತಿಳಿಯುವುದು ಹೇಗೆ? ಹುರುಪು ಇಳಿಯುತ್ತಿದೆ

ಕಮಾನು_ತಂತಿ

ಎಲ್ಲರಿಗೂ ನಮಸ್ಕಾರ. ದೊಡ್ಡವಳಾದ ಮೇಲೆ ಪಿಟೀಲು ಕಲಿಯಲು ಶುರು ಮಾಡಿದವಳು ನಾನು. ಮೊದಮೊದಲು ಹುರುಪೋ ಹುರುಪು. ಕಮಾನು ಹಿಡಿಯುವುದು ಬಂತು, ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗುವಾಗ ಕಿರ್ ಅನ್ನುವುದು ಕಡಿಮೆಯಾಯಿತು, ಹೀಗೆ ಪ್ರತಿ ಪಾಠದಲ್ಲೂ ಏನಾದರೊಂದು ಕೈಗೆ ಹತ್ತುತ್ತಿತ್ತು. ಈಗ ಹಾಗಿಲ್ಲ. ದಿನಾ ಅಭ್ಯಾಸ ಮಾಡುತ್ತೇನೆ. ಆದರೆ ಹೋದ ತಿಂಗಳಿಗಿಂತ ಈ ತಿಂಗಳು ಚೆನ್ನಾಗಿ ನುಡಿಸುತ್ತಿದ್ದೇನಾ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಕೈ ನೋವು, ಸಮಯ ಸಾಲದಿರುವುದು ಇದೆಲ್ಲಕ್ಕಿಂತ ಈ ಗೊತ್ತಿಲ್ಲದಿರುವುದೇ ನನ್ನನ್ನು ಜಾಸ್ತಿ ಸುಸ್ತು ಮಾಡುತ್ತಿದೆ. ಪೆಟ್ಟಿಗೆ ತೆಗೆಯುವ ಮೊದಲೇ "ಇವತ್ತು ಬೇಡ ಬಿಡು" ಅನ್ನಿಸುತ್ತದೆ.

ನಮ್ಮ ಗುರುಗಳು ತುಂಬಾ ತಾಳ್ಮೆ ಇರುವವರು. ಆದರೆ ನಾನು ನುಡಿಸಿ ಮುಗಿಸಿದಾಗ ಅವರು ಹೇಳುವುದು "ಪರವಾಗಿಲ್ಲ, ಚೆನ್ನಾಗಿದೆ, ಮುಂದುವರಿಸಿ" ಇಷ್ಟೇ. ಅದರಿಂದ ಆ ಕ್ಷಣಕ್ಕೆ ಖುಷಿಯಾಗುತ್ತದೆ, ಮನೆಗೆ ಬಂದ ಮೇಲೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಒಂದು ಆ್ಯಪ್ ಇದೆ. ದಿನಕ್ಕೆ ಎಷ್ಟು ನಿಮಿಷ ಅಭ್ಯಾಸ, ಎಷ್ಟು ದಿನ ಬಿಡದೆ ಮಾಡಿದೆ ಅಂತ ಎಣಿಸಿ ತೋರಿಸುತ್ತದೆ. ಆ ಸಂಖ್ಯೆ ಏರುತ್ತಲೇ ಇದೆ, ನನ್ನ ಹುರುಪು ಮಾತ್ರ ಇಳಿಯುತ್ತಿದೆ!

ನನ್ನ ಪ್ರಶ್ನೆ ಇಷ್ಟು. ಇಂಥ ಕಲಿಕೆಯಲ್ಲಿ ಏನನ್ನು ಅಳೆಯಬೇಕು, ಎಷ್ಟು ದಿನಕ್ಕೊಮ್ಮೆ ಅಳೆಯಬೇಕು? ಗುರುಗಳ ಹತ್ತಿರ ಇನ್ನೂ ಸ್ವಲ್ಪ ಬಿಡಿಸಿ ಹೇಳಿ ಅಂತ ಕೇಳುವುದು ಹೇಗೆ, ಅವರಿಗೆ ಬೇಜಾರಾಗದ ಹಾಗೆ? ಮತ್ತೆ ಒಬ್ಬ ಗೆಳತಿ ಹೇಳುತ್ತಾಳೆ, ಅಳೆಯಲು ಹೋದರೆ ಇರುವ ಖುಷಿಯೂ ಹೋಗುತ್ತದೆ, ಸುಮ್ನೆ ನುಡಿಸು ಅಂತ. ಅದು ನಿಜವಾ? ಇನ್ನೊಂದು ವಿಷಯ. ಕೆಲಸದ ಜಾಗದಲ್ಲಿ ಹೊಸದಾಗಿ ಸೇರಿದ ಇಬ್ಬರನ್ನು ನೋಡಿಕೊಳ್ಳುವ ಜವಾಬ್ದಾರಿ ನನಗಿದೆ. ಅವರ ಮುಖದಲ್ಲೂ ಈಚೆಗೆ ಇದೇ ಗೊಂದಲ ಕಾಣುತ್ತಿದೆ. ಹಾಗಾಗಿ ಉತ್ತರ ನನಗೆ ಎರಡು ಕಡೆಗೂ ಬೇಕು.

ಕಪ್ಪುಹಲಗೆ

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನು ಪಾಠ ಹೇಳುವವಳು, "ಚೆನ್ನಾಗಿದೆ, ಮುಂದುವರಿಸಿ" ಅನ್ನುವ ಮಾತು ಯಾಕೆ ಬರುತ್ತದೆ ಅಂತ ನನಗೆ ಗೊತ್ತು. ಶಿಷ್ಯೆ ಧೈರ್ಯ ಕಳೆದುಕೊಳ್ಳಬಾರದು ಅನ್ನುವ ಕಾಳಜಿ ಅದು. ಆದರೆ ಅದು ಫೀಡ್‌ಬ್ಯಾಕ್ ಅಲ್ಲ. ಜಾನ್ ಹ್ಯಾಟಿ ಮತ್ತು ಹೆಲೆನ್ ಟಿಂಪರ್ಲಿ ಅನ್ನುವ ಇಬ್ಬರು ಶಿಕ್ಷಣ ಸಂಶೋಧಕರು 2007ರಲ್ಲಿ ಈ ವಿಷಯದ ಬಗ್ಗೆ ಬರೆದ ಲೇಖನವನ್ನು ನಮ್ಮಂಥವರು ಈಗಲೂ ಓದುತ್ತೇವೆ. ಒಳ್ಳೆಯ ಫೀಡ್‌ಬ್ಯಾಕ್ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು ಅಂತಾರೆ ಅವರು: ಎಲ್ಲಿಗೆ ಹೋಗುತ್ತಿದ್ದೇನೆ, ಈಗ ಎಲ್ಲಿದ್ದೇನೆ, ಮುಂದಿನ ಹೆಜ್ಜೆ ಯಾವುದು. ನಿಮ್ಮ ಗುರುಗಳ ಮಾತಿನಲ್ಲಿ ಈ ಮೂರರಲ್ಲಿ ಒಂದಕ್ಕೂ ಉತ್ತರವಿಲ್ಲ, ನೋಡಿ. ಅದಕ್ಕೇ ಮನೆಗೆ ಬಂದ ಮೇಲೆ ಕೈ ಖಾಲಿ ಅನ್ನಿಸುವುದು.

ಅದೇ ಲೇಖನದಲ್ಲಿ ಇನ್ನೊಂದು ಮುಖ್ಯ ಮಾತಿದೆ. ಫೀಡ್‌ಬ್ಯಾಕ್ ಮಾಡಿದ ಕೆಲಸದ ಬಗ್ಗೆ ಇರಬಹುದು, ಮಾಡುವ ರೀತಿಯ ಬಗ್ಗೆ ಇರಬಹುದು, ನಮ್ಮನ್ನು ನಾವೇ ತಿದ್ದಿಕೊಳ್ಳುವ ಬಗೆಯ ಬಗ್ಗೆ ಇರಬಹುದು, ಇಲ್ಲವೇ "ನೀನು ಜಾಣೆ" ಅನ್ನುವ ಹಾಗೆ ನೇರವಾಗಿ ವ್ಯಕ್ತಿಯ ಬಗ್ಗೆ ಇರಬಹುದು. ಈ ಕೊನೆಯ ಬಗೆಯಿಂದ ಕಲಿಕೆಗೆ ಆಗುವ ಲಾಭ ತೀರಾ ಕಡಿಮೆ. ಕೆಲವೊಮ್ಮೆ ಅದರಿಂದ ಕೆಟ್ಟದ್ದೇ ಆಗುತ್ತದೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೊದಲ ಸುತ್ತಿನ ಒಗಟುಗಳನ್ನು ಬಿಡಿಸಿದ ಮಕ್ಕಳಲ್ಲಿ ಕೆಲವರಿಗೆ "ನೀನು ಬುದ್ಧಿವಂತ" ಅಂತಲೂ ಇನ್ನು ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀಯ" ಅಂತಲೂ ಹೇಳಿದರು. ಆಮೇಲೆ ಕಷ್ಟದ ಒಗಟು ಕೊಟ್ಟು ಎಲ್ಲರೂ ಎಡವುವ ಹಾಗೆ ಮಾಡಿದರು. ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟಾಗ ಬುದ್ಧಿವಂತ ಅನ್ನಿಸಿಕೊಂಡವರು ಮೊದಲಿಗಿಂತ ಕೆಳಗಿಳಿದರು, ಶ್ರಮಕ್ಕೆ ಹೊಗಳಿಸಿಕೊಂಡವರು ಮೇಲೇರಿದರು. ಬುದ್ಧಿವಂತ ಅಂತ ಒಮ್ಮೆ ಕರೆಸಿಕೊಂಡ ಮೇಲೆ ಸೋಲು ಅಂದರೆ ಆ ಹೆಸರು ಹೋಯಿತು ಅಂತಲೇ ಅರ್ಥ, ಅಲ್ವಾ.

ಅಂಕದ ವಿಷಯವೂ ಹೀಗೇ. ರೂತ್ ಬಟ್ಲರ್ 1988ರಲ್ಲಿ ಇಸ್ರೇಲಿನ ಐದು, ಆರನೇ ತರಗತಿಯ ಮಕ್ಕಳ ಜೊತೆ ಮಾಡಿದ ಅಧ್ಯಯನ ನನಗೆ ತುಂಬಾ ಹಿಡಿಸಿದ್ದು. ಒಂದು ಗುಂಪಿಗೆ ಬರೀ ಅಂಕ, ಒಂದು ಗುಂಪಿಗೆ ಬರೀ ಟಿಪ್ಪಣಿ, ಮೂರನೆಯದಕ್ಕೆ ಅಂಕವೂ ಟಿಪ್ಪಣಿಯೂ. ಎರಡೂ ಸಿಕ್ಕವರು ಮೇಲಿರಬೇಕು ಅಂತ ಅನ್ನಿಸುತ್ತದೆ. ಆದರೆ ಆಸಕ್ತಿಯೂ ಕೆಲಸದ ಗುಣಮಟ್ಟವೂ ಹೆಚ್ಚಿದ್ದು ಬರೀ ಟಿಪ್ಪಣಿ ಸಿಕ್ಕವರಲ್ಲಿ. ಅಂಕ ಪಕ್ಕದಲ್ಲಿ ಬಂದ ಕೂಡಲೇ ಟಿಪ್ಪಣಿಯ ಪ್ರಯೋಜನ ಹೆಚ್ಚುಕಡಿಮೆ ಮಾಯವಾಯಿತು. ನಾನು ತರಗತಿಯಲ್ಲಿ ನೋಡುವುದೂ ಅದನ್ನೇ. ಉತ್ತರ ಪತ್ರಿಕೆ ಕೈಗೆ ಬಂದ ತಕ್ಷಣ ಕಣ್ಣು ಹೋಗುವುದು ಅಂಕಕ್ಕೆ, ಆಮೇಲೆ ಪಕ್ಕದವರ ಅಂಕಕ್ಕೆ, ಅಂಚಿನಲ್ಲಿ ನಾನು ಕೂತು ಬರೆದ ಸಾಲುಗಳನ್ನು ಓದುವವರು ಅಪರೂಪ.

ಇನ್ನು ಗುರುಗಳನ್ನು ಕೇಳುವ ಬಗೆ. "ಹೇಗಿತ್ತು?" ಅಂತ ಕೇಳಬೇಡಿ. ಆ ಪ್ರಶ್ನೆಗೆ "ಚೆನ್ನಾಗಿತ್ತು" ಅನ್ನುವುದೇ ಸಹಜ ಉತ್ತರ. ನುಡಿಸುವ ಮೊದಲೇ ಹೇಳಿಬಿಡಿ: "ಇವತ್ತು ಎರಡನೇ ಸಾಲಿನಲ್ಲಿ ಕಮಾನಿನ ಒತ್ತಡ ಒಂದೇ ಸಮ ಇದೆಯಾ ಅಂತ ಮಾತ್ರ ನೋಡಿ." ನುಡಿಸಿದ ಮೇಲೆ: "ಮುಂದಿನ ಪಾಠದೊಳಗೆ ಒಂದೇ ಒಂದು ವಿಷಯ ಸರಿಮಾಡಿಕೊಳ್ಳಬೇಕು ಅಂದರೆ ಯಾವುದು?" ಇಂಥ ಪ್ರಶ್ನೆಯಿಂದ ಯಾವ ಗುರುವಿಗೂ ಬೇಜಾರಾಗುವುದಿಲ್ಲ. ಹೇಳಲು ಜಾಗ ಸಿಕ್ಕಿತಲ್ಲ ಅಂತ ಸಮಾಧಾನವೇ ಆಗುತ್ತದೆ.

ಓಟದ_ದಾರಿ

ಕಪ್ಪುಹಲಗೆ ಅವರು ಫೀಡ್‌ಬ್ಯಾಕ್ ಬಗ್ಗೆ ಹೇಳಿದ್ದಾರೆ, ನಾನು ಅಳತೆಯ ಬಗ್ಗೆ ಹೇಳುತ್ತೇನೆ. ಓಡಲು ಹೊಸದಾಗಿ ಶುರು ಮಾಡುವವರಿಗೆ ತರಬೇತಿ ಕೊಡುವವನು ನಾನು. ಪಿಟೀಲಿನ ಗಂಧಗಾಳಿ ಇಲ್ಲ, ಆದರೂ ನಿಮ್ಮ ಕಥೆ ನನಗೆ ಚೆನ್ನಾಗಿ ಗೊತ್ತು.

ಅಳೆಯುವುದರಿಂದ ಪ್ರಯೋಜನ ಇದೆಯಾ ಅಂದರೆ, ಇದೆ. 2016ರಲ್ಲಿ 138 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಬಂತು, ಸುಮಾರು 20,000 ಜನರ ಮಾಹಿತಿ ಅದರಲ್ಲಿತ್ತು. ಗುರಿಯ ಕಡೆ ಎಷ್ಟು ದೂರ ಬಂದೆವು ಅಂತ ಆಗಾಗ ನೋಡಿಕೊಳ್ಳುವವರು ಗುರಿ ಮುಟ್ಟುವ ಸಾಧ್ಯತೆ ಹೆಚ್ಚು ಅಂತ ಅದರಿಂದ ತಿಳಿಯಿತು. ಮನಸ್ಸಿನಲ್ಲೇ ಲೆಕ್ಕ ಹಾಕುವುದಕ್ಕಿಂತ ಬರೆದಿಟ್ಟರೆ, ಇನ್ನೊಬ್ಬರಿಗೆ ತೋರಿಸಿದರೆ ಪರಿಣಾಮ ಇನ್ನೂ ಜಾಸ್ತಿ.

ಆದರೆ ಬರೀ ಅಳತೆ ಸಾಲದು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಆಲ್ಬರ್ಟ್ ಬಂಡೂರ ಮತ್ತು ಡೇನಿಯಲ್ ಸೆರ್ವೋನ್ 1983ರಲ್ಲಿ ವ್ಯಾಯಾಮದ ಯಂತ್ರದ ಮೇಲೆ ಜನರನ್ನು ಕೂರಿಸಿ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಗುರಿ ಮಾತ್ರ ಕೊಟ್ಟರು, ಕೆಲವರಿಗೆ ಎಷ್ಟು ಮಾಡಿದಿರಿ ಅನ್ನುವ ಮಾಹಿತಿ ಮಾತ್ರ ಕೊಟ್ಟರು, ಕೆಲವರಿಗೆ ಎರಡನ್ನೂ, ಇನ್ನು ಕೆಲವರಿಗೆ ಎರಡೂ ಇಲ್ಲ. ಎರಡೂ ಸಿಕ್ಕವರ ಶ್ರಮ ಎದ್ದು ಕಾಣುವಷ್ಟು ಹೆಚ್ಚಿತು. ಒಂದೇ ಸಿಕ್ಕವರಿಗೂ ಏನೂ ಸಿಗದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೆಜ್ಜೆ ಎಣಿಸುವ ಪೆಡೋಮೀಟರ್ ಬಗ್ಗೆ 2007ರಲ್ಲಿ 26 ಅಧ್ಯಯನಗಳನ್ನು ಸೇರಿಸಿ ನೋಡಿದಾಗಲೂ ಇದೇ ಕಂಡಿತು. ಅದನ್ನು ಸೊಂಟಕ್ಕೆ ಕಟ್ಟಿಕೊಂಡವರ ನಡಿಗೆ, ಓಡಾಟ ಸುಮಾರು 27 ಶೇಕಡಾ ಹೆಚ್ಚಾಯಿತು. ಆದರೆ ಆ ಹೆಚ್ಚಳದ ಹಿಂದೆ ಇದ್ದ ಮುಖ್ಯ ಸಂಗತಿ ದಿನಕ್ಕೆ ಇಷ್ಟು ಹೆಜ್ಜೆ ಅನ್ನುವ ಗುರಿ.

ಈಗ ನಿಮ್ಮ ಆ್ಯಪ್ ನೋಡಿ. ಅದು ನಿಮಿಷ ಎಣಿಸುತ್ತದೆ. ನಿಮಗೆ ಬೇಕಾಗಿರುವುದು ನಾದ. ನಿಮಿಷ ಏರಿದರೂ ನಾದ ಹೇಗಿದೆ ಅಂತ ಅದಕ್ಕೆ ಗೊತ್ತಿಲ್ಲ, ಗುರಿಯೂ ಅದರಲ್ಲಿಲ್ಲ. ಸಂಖ್ಯೆ ಏರಿ ಹುರುಪು ಇಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಕಷ್ಟವಾಗುವ ಒಂದು ಚಿಕ್ಕ ತುಣುಕು ಆರಿಸಿಕೊಳ್ಳಿ, ಒಂದೆರಡು ಸಾಲು ಸಾಕು. ಮೆಟ್ರೊನೋಮ್, ಅಂದರೆ ಒಂದೇ ಸಮ ಟಕ್ ಟಕ್ ಅಂತ ಲಯ ತೋರಿಸುವ ಸಾಧನ, ಇಟ್ಟುಕೊಂಡು ಎಷ್ಟು ವೇಗದಲ್ಲಿ ಅದನ್ನು ಸತತ ಮೂರು ಸಲ ತಪ್ಪಿಲ್ಲದೆ ನುಡಿಸಬಲ್ಲಿರಿ ಅಂತ ನೋಡಿ. ನಿಮಿಷಕ್ಕೆ 60 ಬೀಟ್ ಬಂದರೆ 60 ಅಂತ ಬರೆದಿಡಿ, ದಿನಾಂಕದ ಜೊತೆ. ಮುಂದಿನ ಗುರಿ 64. ಇದು ನಿಮ್ಮ ಕೈಯಲ್ಲಿರುವ ಅಳತೆ, ಯಾರನ್ನೂ ಕೇಳಬೇಕಾಗಿಲ್ಲ, ಸುಳ್ಳು ಹೇಳುವುದೂ ಇಲ್ಲ. ವೇಗಕ್ಕೆ ಸಿಗದ ಸಂಗತಿಗಳಿಗೆ, ಅಂದರೆ ಶ್ರುತಿ, ನಾದದ ಗುಣ, ಇವಕ್ಕೆ ರೆಕಾರ್ಡಿಂಗ್ ಮಾಡಿ. ಅದೇ ತುಣುಕನ್ನು ತಿಂಗಳಿಗೊಮ್ಮೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದ್ದೀರಿ. ಅಳೆಯುವ ವಸ್ತು ಎಷ್ಟು ಬೇಗ ಬದಲಾಗುತ್ತದೆ ಅನ್ನುವುದರ ಮೇಲೆ ಅದು ನಿಂತಿದೆ. ತೂಕ ಇಳಿಸಬೇಕು ಅನ್ನುವವರು ದಿನಾ ತಕ್ಕಡಿ ಹತ್ತುತ್ತಾರೆ, ದೇಹದಲ್ಲಿ ನೀರು ಹೆಚ್ಚುಕಡಿಮೆಯಾಗಿ ಒಂದು ಕಿಲೋ ಮೇಲೆ ಕೆಳಗೆ ಆದರೆ ಅದನ್ನೇ ಗೆಲುವು, ಸೋಲು ಅಂತ ತಿಳಿದು ಕೊರಗುತ್ತಾರೆ. ನಾನು ಅವರಿಗೆ ವಾರದ ಸರಾಸರಿ ನೋಡಿ ಅನ್ನುತ್ತೇನೆ. ನಿಮಗೂ ಅಷ್ಟೇ. ಅಭ್ಯಾಸ ಮಾಡಿದೆನಾ ಇಲ್ಲವಾ ಅನ್ನುವುದನ್ನು ದಿನಾ ಗುರುತು ಹಾಕಿ, ವೇಗವನ್ನು ವಾರಕ್ಕೊಮ್ಮೆ ನೋಡಿ, ನಾದವನ್ನು ತಿಂಗಳಿಗೊಮ್ಮೆ ಕೇಳಿ. ಮೊದಲ ದಿನಗಳಲ್ಲಿ ಎಲ್ಲವೂ ಬೇಗ ಬೇಗ ಬದಲಾಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಎಲ್ಲ ಕಲಿಕೆಯಲ್ಲೂ ಹಾಗೇ. ನಿಧಾನವಾಗಿ ಬದಲಾಗುವುದನ್ನು ದಿನಾ ನೋಡಿದರೆ ನಿಂತೇ ಹೋಗಿದೆ ಅಂತ ಕಾಣುತ್ತದೆ. ನಿಮಗೆ ಆಗಿರುವುದು ಇದೇ ಅಂತ ನನ್ನ ಅಂದಾಜು.

ಗುರಿ ಹತ್ತಿರ ಬಂದಂತೆ ಕಾಲು ತಾನೇ ಜೋರಾಗುತ್ತದೆ ಅನ್ನುವುದೂ ಹಳೆಯ ಸಂಗತಿ. ಕ್ಲಾರ್ಕ್ ಹಲ್ ಅನ್ನುವ ಮನೋವಿಜ್ಞಾನಿ 1930ರ ದಶಕದಲ್ಲಿ ಇಲಿಗಳಲ್ಲಿ ಇದನ್ನು ನೋಡಿದರು, ಆಹಾರ ಹತ್ತಿರವಾದಂತೆ ಅವು ಹೆಚ್ಚು ಜೋರಾಗಿ ಓಡುತ್ತಿದ್ದವು. 2006ರಲ್ಲಿ ಒಂದು ಕಾರು ತೊಳೆಯುವ ಅಂಗಡಿಯಲ್ಲಿ ಗಿರಾಕಿಗಳಿಗೆ ಎರಡು ಬಗೆಯ ಕಾರ್ಡ್ ಕೊಟ್ಟ ಅಧ್ಯಯನ ಪ್ರಕಟವಾಯಿತು. ಒಂದರಲ್ಲಿ 8 ಮುದ್ರೆ ಬಿದ್ದರೆ ಒಂದು ಸಲ ಉಚಿತ. ಇನ್ನೊಂದರಲ್ಲಿ 10 ಮುದ್ರೆ ಬೇಕು, ಆದರೆ 2 ಮೊದಲೇ ಬಿದ್ದಿವೆ. ಮಾಡಬೇಕಾದ್ದು ಎರಡರಲ್ಲೂ 8 ಸಲವೇ. ಮೊದಲನೆಯದನ್ನು ಪೂರ್ತಿ ಮಾಡಿದವರು 19 ಶೇಕಡಾ, ಎರಡನೆಯದನ್ನು 34 ಶೇಕಡಾ. ಈಗಾಗಲೇ ದಾರಿಗೆ ಬಿದ್ದಿದ್ದೇನೆ ಅನ್ನುವ ಭಾವನೆಗೆ ಅಷ್ಟು ಬಲ. ಹಾಗಾಗಿ ಹೊಸ ಪಾಠ ಶುರುವಾದಾಗ ಪಟ್ಟಿಯನ್ನು ಸೊನ್ನೆಯಿಂದ ಬರೆಯಬೇಡಿ. ಅದಕ್ಕೆ ಬೇಕಾದ ಯಾವ ಯಾವ ಕೌಶಲ ನಿಮಗೆ ಈಗಾಗಲೇ ಬರುತ್ತದೋ ಅದನ್ನು ಮೊದಲು ಬರೆದು ಗುರುತು ಹಾಕಿ. ಶುರುವಿನಲ್ಲಿ ಎಷ್ಟು ಬಂದೆ ಅಂತ ನೋಡಿ, ಅರ್ಧ ದಾಟಿದ ಮೇಲೆ ಎಷ್ಟು ಉಳಿದಿದೆ ಅಂತ ನೋಡಿ.

ನಿಧಾನವೇ_ಇರಲಿ

ಮೇಲಿನ ಇಬ್ಬರ ಮಾತೂ ಸರಿಯೇ, ಆದರೆ ಗೆಳತಿಯ ಮಾತನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ನಾನು ಚಿತ್ರ ಬಿಡಿಸುವವನು, ಹವ್ಯಾಸಕ್ಕೆ. ನನ್ನ ಅನುಭವ ಆಕೆಯ ಕಡೆಗಿದೆ.

ಜೋರ್ಡನ್ ಎಟ್ಕಿನ್ ಅನ್ನುವ ಸಂಶೋಧಕಿ 2016ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಬಣ್ಣ ತುಂಬುವುದು, ನಡೆಯುವುದು, ಓದುವುದು ಇಂಥ ಖುಷಿಯ ಕೆಲಸಗಳನ್ನು ಕೆಲವರು ಎಣಿಕೆ ಇಟ್ಟುಕೊಂಡು ಮಾಡಿದರು, ಕೆಲವರು ಹಾಗೇ ಮಾಡಿದರು. ಎಣಿಸಿದವರು ಜಾಸ್ತಿ ಮಾಡಿದರು, ನಿಜ. ಆದರೆ ಅವರಿಗೆ ಸಿಕ್ಕ ಖುಷಿ ಕಡಿಮೆ. ಆಟದಂತಿದ್ದದ್ದು ಕೆಲಸದಂತೆ ಅನ್ನಿಸತೊಡಗಿತು. ನಿಮ್ಮ ಆ್ಯಪ್‌ನಲ್ಲಿ ಸಂಖ್ಯೆ ಏರಿ ಹುರುಪು ಇಳಿದದ್ದಕ್ಕೆ ಓಟದ_ದಾರಿ ಅವರು ಒಂದು ಕಾರಣ ಕೊಟ್ಟರು, ನನಗೆ ಈ ಕಾರಣ ಇನ್ನೂ ಹತ್ತಿರ ಅನ್ನಿಸುತ್ತದೆ. "ಇಷ್ಟು ದಿನ ಬಿಡದೆ ಮಾಡಿದ್ದೀರಿ" ಅನ್ನುವ ಎಣಿಕೆ ಒಂದು ಹಂತದ ಮೇಲೆ ನಮ್ಮನ್ನು ಹೆದರಿಸಲು ಶುರು ಮಾಡುತ್ತದೆ. ಪಿಟೀಲು ಎತ್ತಿಕೊಳ್ಳುವುದು ನುಡಿಸಬೇಕು ಅಂತ ಅಲ್ಲ, ಸರಪಳಿ ಕಡಿಯಬಾರದು ಅಂತ. ಜ್ವರ ಬಂದ ದಿನವೂ ಹತ್ತು ನಿಮಿಷ ಏನೋ ಗೀಚಿ ಎಣಿಕೆ ಉಳಿಸಿಕೊಳ್ಳುವವರನ್ನು ನಾನು ಬಲ್ಲೆ. ಆ ಹತ್ತು ನಿಮಿಷದಲ್ಲಿ ಅವರು ಕಲಿತದ್ದು ಏನೂ ಇಲ್ಲ. ಮತ್ತೆ ಒಂದು ದಿನ ಸರಪಳಿ ಕಡಿದಾಗ ಎಷ್ಟೋ ಜನ ಪೂರ್ತಿಯಾಗಿಯೇ ಬಿಟ್ಟುಬಿಡುತ್ತಾರೆ, ಒಳಗೆ ಉಳಿದದ್ದು ಆ ಸಂಖ್ಯೆ ಒಂದೇ ಆಗಿದ್ದರಿಂದ.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಒಂದು ಮಾತು ಈಗ ಎಲ್ಲ ಕಡೆ ಗುಡ್‌ಹಾರ್ಟ್ ನಿಯಮ ಅಂತಲೇ ಹೆಸರಾಗಿದೆ. ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಅನ್ನುವುದು ಅದರ ಸಾರ. ನೀವು 64ಕ್ಕೆ ಹೋಗಬೇಕು ಅಂತ ಹೊರಟರೆ ಕೈ ಬಿಗಿಮಾಡಿ, ನಾದ ಬಿಟ್ಟು, ಹೇಗಾದರೂ 64 ಮುಟ್ಟುತ್ತೀರಿ. ಪುಸ್ತಕದಲ್ಲಿ ಅದು ಮುನ್ನಡೆ. ಕಿವಿಗೆ ಅದು ಹಿನ್ನಡೆ.

ಮುನ್ನಡೆ ಕಂಡ ಕೂಡಲೇ ಸಡಿಲ ಬಿಡುವುದೂ ಇದೆ. ಆಯೆಲೆಟ್ ಫಿಶ್‌ಬಾಕ್ ಮತ್ತು ರವಿ ಧರ್ 2005ರಲ್ಲಿ ತೂಕ ಇಳಿಸುವ ಗುರಿ ಇದ್ದವರನ್ನು ನೋಡಿದರು. ಗುರಿಯ ಕಡೆ ಚೆನ್ನಾಗಿ ಸಾಗುತ್ತಿದ್ದೀರಿ ಅನ್ನುವ ಭಾವನೆ ಬರುವಂತೆ ಮಾಡಿದಾಗ, ಸೇಬು ಬಿಟ್ಟು ಚಾಕೊಲೇಟ್ ಎತ್ತಿಕೊಂಡವರು ಜಾಸ್ತಿಯಾದರು. ಇಷ್ಟು ಮಾಡಿದ್ದೇನಲ್ಲ, ಇವತ್ತೊಂದು ದಿನ ಇರಲಿ ಅನ್ನುವ ಮನಸ್ಸು. ಹಾಗಾಗಿ ಅಳತೆ ಮಾಡಿದರೆ ಹುರುಪು ಬಂದೇ ಬರುತ್ತದೆ ಅಂತ ಸಾರಾಸಗಟಾಗಿ ಹೇಳಲಾಗದು.

ನನ್ನ ಸಲಹೆ: ವಾರದಲ್ಲಿ ಕೆಲವು ದಿನ ಏನನ್ನೂ ಎಣಿಸದೆ, ಗಡಿಯಾರ ನೋಡದೆ, ನಿಮಗೆ ಇಷ್ಟವಾದದ್ದನ್ನು ನುಡಿಸಿ. ಆ ದಿನಗಳನ್ನು ಯಾವ ಪಟ್ಟಿಗೂ ಸೇರಿಸಬೇಡಿ.

ಓಟದ_ದಾರಿ

ನಿಧಾನವೇ_ಇರಲಿ ಅವರು ಹೇಳಿದ ಕೊನೆಯ ಸಲಹೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಮ್ಮಲ್ಲೂ ಕೈಗಡಿಯಾರ ಇಲ್ಲದೆ ಓಡುವ ದಿನ ಅಂತ ಇಟ್ಟಿದ್ದೇವೆ. ಒಂದೇ ತಿದ್ದುಪಡಿ. ಎಟ್ಕಿನ್ ಅವರ ಪ್ರಯೋಗದಲ್ಲಿ ಇದ್ದದ್ದು ಸುಮ್ನೆ ಖುಷಿಗೆ ಮಾಡುವ ಕೆಲಸ. ಇಲ್ಲಿ ಪ್ರಶ್ನೆ ಕೇಳಿದವರಿಗೆ ಕಲಿಯಬೇಕು ಅನ್ನುವ ಆಸೆ ಇದೆ, ಕಲಿಯುತ್ತಿದ್ದೇನಾ ಅಂತ ತಿಳಿಯದೆ ಖುಷಿ ಆಗಲೇ ಹೋಗಿದೆ. ಅಂಥವರಿಗೆ "ಅಳೆಯಬೇಡಿ" ಅನ್ನುವುದು ಉತ್ತರವಾಗದು. ಕೈ ಬಿಗಿಮಾಡಿ 64 ಮುಟ್ಟುವ ಅಪಾಯ ನಿಜ. ಅದಕ್ಕೇ ವೇಗದ ಜೊತೆ ರೆಕಾರ್ಡಿಂಗ್ ಇರಲಿ ಅಂದದ್ದು. ಒಂದು ಅಳತೆ ಹಾದಿ ತಪ್ಪಿದರೆ ಇನ್ನೊಂದು ಹಿಡಿದು ತೋರಿಸುತ್ತದೆ.

ಎಂಟರ_ಪಾಳಿ

ನಾನು ಕೆಲಸದ ಜಾಗದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಬಹಳ ವರ್ಷದಿಂದ ತಂಡ ನಡೆಸುತ್ತಿದ್ದೇನೆ, ಈ ವಿಷಯ ನನಗೆ ಮನಸ್ಸಿಗೆ ಹತ್ತಿರವಾದದ್ದು.

ತೆರೆಸಾ ಅಮಬೀಲ್ ಮತ್ತು ಸ್ಟೀವನ್ ಕ್ರೇಮರ್ 7 ಕಂಪನಿಗಳ 238 ಉದ್ಯೋಗಿಗಳಿಂದ ದಿನಚರಿ ಬರೆಸಿದರು. ಸುಮಾರು 12,000 ದಿನಗಳ ಬರಹ ಸೇರಿತು. ಜನರಿಗೆ ಕೆಲಸದಲ್ಲಿ ಅತ್ಯಂತ ಒಳ್ಳೆಯ ದಿನ ಅನ್ನಿಸಿದ್ದು ಯಾವುದು ಅಂತ ನೋಡಿದರೆ, ಅರ್ಥವಿರುವ ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ ಹೋದ ದಿನ. ದೊಡ್ಡ ಗೆಲುವೇ ಆಗಬೇಕು ಅಂತಿಲ್ಲ, ಚಿಕ್ಕದೂ ಸಾಕು. ಹಾಗೆಯೇ ಚಿಕ್ಕ ಹಿನ್ನಡೆಗಳು ಇಡೀ ದಿನ ಕೆಡಿಸುತ್ತಿದ್ದವು. ಬೇರೆಯಾಗಿ 600ಕ್ಕೂ ಹೆಚ್ಚು ಮ್ಯಾನೇಜರುಗಳನ್ನು, ಉದ್ಯೋಗಿಗಳಿಗೆ ಹುರುಪು ಕೊಡುವ ಐದು ಸಂಗತಿಗಳನ್ನು ಮುಖ್ಯವಾದದ್ದು ಮೊದಲು ಬರುವಂತೆ ಜೋಡಿಸಿ ಅಂತ ಕೇಳಿದರು. ಕೆಲಸ ಮುಂದೆ ಸಾಗಲು ನೆರವಾಗುವುದು ಅನ್ನುವುದನ್ನು ಅವರು ಕಟ್ಟಕಡೆಗೆ ಇಟ್ಟರು. ಅಂದರೆ ಕೆಳಗಿನವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮೇಲಿನವರ ಕಣ್ಣಿಗೇ ಬೀಳುತ್ತಿಲ್ಲ. ಇದನ್ನು ಓದಿದ ಮೇಲೆ ನಾನು ತಂಡದ ಜೊತೆ ಮಾತಾಡುವಾಗ ಮೊದಲು ಕೇಳುವುದು "ಎಲ್ಲಿ ಸಿಕ್ಕಿಕೊಂಡಿದ್ದೀರಿ?" ಅಂತ. ಸಿಕ್ಕು ಬಿಡಿಸಿಕೊಟ್ಟರೆ ಅವರು ತಾವೇ ಮುಂದೆ ಹೋಗುತ್ತಾರೆ, ಹುರುಪಿನ ಭಾಷಣ ಬೇಕಾಗುವುದಿಲ್ಲ.

ಫೀಡ್‌ಬ್ಯಾಕ್ ಕೊಟ್ಟರೆ ಒಳ್ಳೆಯದೇ ಆಗುತ್ತದೆ ಅಂತ ನಂಬಿದವರು ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೋ ಡಿನಿಸಿ 1996ರಲ್ಲಿ ಮಾಡಿದ ವಿಶ್ಲೇಷಣೆಯನ್ನು ತಿಳಿದಿರಬೇಕು. ಹಳೆಯ ಅಧ್ಯಯನಗಳಿಂದ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟುಮಾಡಿ ನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಇನ್ನೂ ಕೆಟ್ಟಿತ್ತು! ಅವರ ವಿವರಣೆ ಕಪ್ಪುಹಲಗೆ ಅವರು ಹೇಳಿದ್ದಕ್ಕೆ ಹೊಂದುತ್ತದೆ. ಕೇಳುವವರ ಗಮನ ಕೆಲಸದಿಂದ ಸರಿದು "ನನ್ನ ಬಗ್ಗೆ ಏನಂದುಕೊಂಡರು" ಅನ್ನುವುದರ ಕಡೆ ಹೋದಷ್ಟೂ ಪರಿಣಾಮ ಕಡಿಮೆ. ಬೈಗುಳಕ್ಕೂ ಇದು ಸರಿ, ಹೊಗಳಿಕೆಗೂ ಸರಿ.

ನಿಮ್ಮ ಇಬ್ಬರೂ ಹೊಸಬರು ಅಂದಿರಿ. ಸ್ಟೇಸಿ ಫಿಂಕಲ್‌ಸ್ಟೈನ್ ಮತ್ತು ಫಿಶ್‌ಬಾಕ್ 2012ರ ಅಧ್ಯಯನದಲ್ಲಿ ಫ್ರೆಂಚ್ ಕಲಿಯುವವರನ್ನು ಕೇಳಿದಾಗ, ಹೊಸಬರು ತಮ್ಮಲ್ಲಿ ಸರಿಯಿರುವುದನ್ನು ತೋರಿಸುವ ಶಿಕ್ಷಕರನ್ನು ಬಯಸಿದರು, ಮುಂದುವರಿದವರು ತಪ್ಪು ತೋರಿಸುವ ಶಿಕ್ಷಕರ ಕಡೆ ಹೆಚ್ಚು ಒಲಿದರು. ಹೊಸಬರಿಗೆ ಇನ್ನೂ "ಇದು ನನ್ನಿಂದ ಆಗುತ್ತದಾ" ಅನ್ನುವ ಸಂಶಯ ಇರುತ್ತದೆ. ಅದಕ್ಕೆ ಮೊದಲು ಉತ್ತರ ಬೇಕು. ಹಾಗಂತ ಸುಳ್ಳು ಹೊಗಳಿಕೆ ಬೇಡ. "ಒಳ್ಳೆ ಕೆಲಸ" ಅನ್ನುವ ಬದಲು "ನಿನ್ನೆಯ ವರದಿಯಲ್ಲಿ ನೀವು ಸಮಸ್ಯೆಯನ್ನು ಮೊದಲ ಸಾಲಿನಲ್ಲೇ ಹೇಳಿದ್ದರಿಂದ ಓದಿದವರು ಅರ್ಧ ಗಂಟೆಯಲ್ಲಿ ತೀರ್ಮಾನ ತೆಗೆದುಕೊಂಡರು" ಅನ್ನಿ. ಅವರು ಅದನ್ನು ಮತ್ತೆ ಮಾಡುತ್ತಾರೆ, ಯಾಕೆಂದರೆ ಏನು ಮಾಡಿದರೆ ಏನಾಯಿತು ಅಂತ ಈಗ ಗೊತ್ತು. ತಿದ್ದುವ ಮಾತಾದರೆ ಬೇರೆಯವರ ಮುಂದೆ ಬೇಡ, ತಿಂಗಳು ಬಿಟ್ಟೂ ಬೇಡ. ಎರಡೇ ದಿನದಲ್ಲಿ ಹೇಳಿ, ಒಂದೇ ವಿಷಯ ಹೇಳಿ, ಆ ವಾರವೇ ಅದನ್ನು ಮತ್ತೆ ಮಾಡಿ ನೋಡುವ ಅವಕಾಶ ಕೊಡಿ. ವರ್ಷಕ್ಕೊಮ್ಮೆ ಕೂರಿಸಿ ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಓದುವ ಪದ್ಧತಿ ಇದೆಯಲ್ಲ, ಅದರಿಂದ ಯಾರೂ ಸುಧಾರಿಸಿದ್ದನ್ನು ನಾನು ಕಂಡಿಲ್ಲ. ಮಾಡಿದ್ದು ಏನು ಅನ್ನುವುದೇ ಅಷ್ಟರಲ್ಲಿ ಮರೆತುಹೋಗಿರುತ್ತದೆ.

ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಹಾಕಿ ಯಾರು ಮುಂದೆ ಅಂತ ತೋರಿಸಬೇಡಿ. ಹಿಂದಿರುವವರು ಕೈಚೆಲ್ಲುತ್ತಾರೆ, ಮುಂದಿರುವವರು ಸಹಾಯ ಮಾಡುವುದನ್ನು ನಿಲ್ಲಿಸುತ್ತಾರೆ. ಪ್ರತಿಯೊಬ್ಬರನ್ನೂ ಅವರ ಹೋದ ತಿಂಗಳ ಕೆಲಸದ ಜೊತೆ ಹೋಲಿಸಿ.

ಕಮಾನು_ತಂತಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಆ್ಯಪ್‌ನ ಎಣಿಕೆಯನ್ನು ಇವತ್ತೇ ನಿಲ್ಲಿಸಿದೆ. ಒಂದು ತುಣುಕು ಆರಿಸಿ ಮೆಟ್ರೊನೋಮ್ ಇಟ್ಟು ನೋಡಿದೆ, ನಾನು ಅಂದುಕೊಂಡದ್ದಕ್ಕಿಂತ ತುಂಬಾ ನಿಧಾನದಲ್ಲಿ ಮಾತ್ರ ಸ್ವಚ್ಛವಾಗಿ ಬರುತ್ತದೆ. ಆದರೂ ಒಂದು ಬಗೆಯ ಸಮಾಧಾನವಾಯಿತು, ಎಲ್ಲಿದ್ದೇನೆ ಅಂತ ಈಗ ಗೊತ್ತಲ್ಲ. ಗುರುಗಳಿಗೂ ಫೋನಿನಲ್ಲಿ ಹೇಳಿದೆ, ಮುಂದಿನ ಪಾಠದಲ್ಲಿ ಕಮಾನಿನ ಒತ್ತಡ ಒಂದನ್ನೇ ನೋಡಿಕೊಡಿ ಅಂತ. ಅವರು ಖುಷಿಯಿಂದ "ಎಡಗೈಯನ್ನು ಬಿಟ್ಟು ಖಾಲಿ ತಂತಿಯ ಮೇಲೆ ಮಾಡಿ ತೋರಿಸಿ, ಆಗ ಸರಿಯಾಗಿ ಗೊತ್ತಾಗುತ್ತದೆ" ಅಂದರು. ಇಷ್ಟು ದಿನದಲ್ಲಿ ಅವರಿಂದ ನನಗೆ ಸಿಕ್ಕ ಅತ್ಯಂತ ಖಚಿತವಾದ ಮಾತು ಅದು.

ಹೊಸಬರಿಬ್ಬರ ಜೊತೆ ನಾಳೆ ಬೇರೆ ಬೇರೆಯಾಗಿ ಕೂರುತ್ತೇನೆ, "ಎಲ್ಲಿ ಸಿಕ್ಕಿಕೊಂಡಿದ್ದೀರಿ" ಅನ್ನುವ ಪ್ರಶ್ನೆಯಿಂದ.

ಒಂದು ತೊಂದರೆ ಮಾತ್ರ ಉಳಿದಿದೆ. ರೆಕಾರ್ಡಿಂಗ್ ಕೇಳುವುದು ನನಗೆ ಬಹಳ ಕಷ್ಟ. ನುಡಿಸುವಾಗ ಪರವಾಗಿಲ್ಲ ಅನ್ನಿಸಿದ್ದು ಕೇಳುವಾಗ ಕಿವಿ ಮುಚ್ಚಿಕೊಳ್ಳುವ ಹಾಗಿರುತ್ತದೆ. ಹುರುಪು ಬರಲಿ ಅಂತ ಮಾಡಿದ್ದು ಇದ್ದದ್ದನ್ನೂ ಕಿತ್ತುಕೊಂಡರೆ?

ಕಪ್ಪುಹಲಗೆ

ಇದು ತುಂಬಾ ಜನಕ್ಕೆ ಆಗುವಂಥದ್ದು. ನುಡಿಸುವಾಗ ನಿಮ್ಮ ಗಮನ ಬೆರಳು, ಕಮಾನು, ಮುಂದಿನ ಸ್ವರ ಎಲ್ಲದರ ಮೇಲೂ ಹಂಚಿಹೋಗಿರುತ್ತದೆ. ಕೇಳುವಾಗ ಕಿವಿಗೆ ಬೇರೆ ಕೆಲಸವಿಲ್ಲ. ಹಾಗಾಗಿ ಎಲ್ಲ ತಪ್ಪೂ ಕೇಳುತ್ತದೆ. ಇನ್ನೊಂದು ಮಾತು. ನಿಮ್ಮ ಕಿವಿ ಕೈಗಿಂತ ಬೇಗ ಬೆಳೆಯುತ್ತಿದೆ. ಮೊದಲ ತಿಂಗಳಲ್ಲಿ ಇದೇ ತಪ್ಪುಗಳು ಇದ್ದವು, ಆಗ ನಿಮಗೆ ಕೇಳುತ್ತಿರಲಿಲ್ಲ ಅಷ್ಟೇ. ಮುನ್ನಡೆ ಕಾಣುತ್ತಿಲ್ಲ ಅನ್ನುವ ನಿಮ್ಮ ಭಾವನೆಗೆ ಇದೂ ಒಂದು ಕಾರಣ ಇರಬೇಕು. ನಿಮ್ಮ ಅಳತೆಗೋಲೇ ಉದ್ದವಾಗುತ್ತಾ ಹೋಗಿದೆ.

ಮಾಡಬೇಕಾದ್ದು ಇಷ್ಟು. ರೆಕಾರ್ಡ್ ಮಾಡಿದ ದಿನವೇ ಕೇಳಬೇಡಿ, ಒಂದೆರಡು ದಿನ ಬಿಡಿ. ಒಂದನ್ನೇ ಕೇಳಬೇಡಿ. ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ, ಒಂದರ ಹಿಂದೆ ಒಂದು ಕೇಳಿ. ಒಂದನ್ನೇ ಕೇಳಿದರೆ ನಿಮ್ಮ ಮನಸ್ಸಿನಲ್ಲಿರುವ ದೊಡ್ಡ ಕಲಾವಿದರ ಜೊತೆ ಹೋಲಿಸುತ್ತೀರಿ. ಎರಡು ಕೇಳಿದರೆ ಹೋಲಿಕೆ ನಿಮ್ಮ ಜೊತೆಗೇ. ಪ್ರತಿ ಸಲ ಕೇಳುವ ಮೊದಲು ಇವತ್ತು ಯಾವುದನ್ನು ಗಮನಿಸುತ್ತೇನೆ ಅಂತ ಬರೆದುಕೊಳ್ಳಿ, ಶ್ರುತಿ ಅಂದರೆ ಶ್ರುತಿ ಮಾತ್ರ. ಬೇರೆ ತಪ್ಪು ಕೇಳಿಸಿದರೂ ಅದು ಇವತ್ತಿನದಲ್ಲ. ಕೇಳಿ ಮುಗಿದ ಮೇಲೆ ಸುಧಾರಿಸಿದ ಒಂದು ಜಾಗ, ಸರಿಮಾಡಬೇಕಾದ ಒಂದು ಜಾಗ ಬರೆದಿಡಿ, ಸ್ವರದ ಹೆಸರು ಸಮೇತ. ಆ ಎರಡು ಸಾಲನ್ನು ಪಾಠಕ್ಕೆ ತೆಗೆದುಕೊಂಡು ಹೋಗಿ ಗುರುಗಳಿಗೆ ತೋರಿಸಿ. ನೀವು ಕೇಳಿದ್ದು ಅವರಿಗೂ ಹಾಗೇ ಕೇಳಿಸುತ್ತದಾ ಅಂತ ಆಗ ತಿಳಿಯುತ್ತದೆ. ನಿಮ್ಮ ಕಿವಿಯ ಮೇಲೆ ನಿಮಗೆ ನಂಬಿಕೆ ಬಂದರೆ ಮುಂದೆ ಪ್ರತಿ ಸಲ ಅವರ ಮಾತಿಗೆ ಕಾಯಬೇಕಾಗುವುದಿಲ್ಲ.

ಯಾವ ತಿಂಗಳಾದರೂ ಎರಡರ ನಡುವೆ ವ್ಯತ್ಯಾಸವೇ ಕೇಳಿಸದಿದ್ದರೆ ಇನ್ನೂ ಹಿಂದಿನದನ್ನು ತೆಗೆಯಿರಿ. ಹಾಗಾಗಿ ಹಳೆಯವು ಎಷ್ಟೇ ಕೆಟ್ಟದಾಗಿ ಕೇಳಿಸಿದರೂ ಒಂದನ್ನೂ ಅಳಿಸಬೇಡಿ.

ಓಟದ_ದಾರಿ

ಒಂದು ಚಿಕ್ಕ ಸೇರ್ಪಡೆ. ಮೊಬೈಲನ್ನು ಪ್ರತಿ ಸಲ ಅದೇ ಕೋಣೆಯಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದೂರದಲ್ಲಿ ಇಡಿ. ಕೋಣೆ ಬದಲಾದರೂ, ದೂರ ಬದಲಾದರೂ ನಾದ ಬೇರೆಯಾಗಿ ಕೇಳಿಸುತ್ತದೆ. ಆಮೇಲೆ ಕೈ ಸುಧಾರಿಸಿತೋ ಕೋಣೆ ಸುಧಾರಿಸಿತೋ ಅಂತ ತಿಳಿಯುವುದಿಲ್ಲ. ಮೊದಲ ತಿಂಗಳು ಆದ ಮೇಲೆ ಹೇಗಾಯಿತು ಅಂತ ಇಲ್ಲೇ ಬರೆಯಿರಿ.